ಒಂದು ಕಾರಿನೊಳಗೆ ಎರಡು ಕಾರು

ಬಂಟ್ವಾಳ ತಾಲೂಕಿನ ಬೆಂಜನಪದವು, ಬೆಳ್ತಂಗಡಿ ತಾಲೂಕಿನ ಉಜಿರೆ, ಮೂಡುಬಿದಿರೆಯ ಬಳಿಯ ಮಿಜಾರು, ಈ ಮೂರೂ ಊರುಗಳಲ್ಲಿ ಇಂದು ಇಂಜಿನಿಯರಿಂಗ್ ಕಾಲೇಜುಗಳಿವೆ. ಕೊನೆಯ ವರ್ಷದ ಪ್ರಾಜೆಕ್ಟಿಗೆಂದು ಮಕ್ಕಳು ಬ್ಯಾಟರಿಯಿಂದ ಓಡುವ ಬಂಡಿಯೊಂದನ್ನು ಕಟ್ಟುವುದು ಈಗ ಅಪರೂಪದ ಸಂಗತಿಯಲ್ಲ. ಆ ಬಂಡಿ ಕಾಲೇಜಿನ ಅಂಗಳದಲ್ಲಿ ನಾಲ್ಕು ಸುತ್ತು ಹಾಕಿತೆಂದರೆ ಅವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುತ್ತದೆ: ನಾವೇ ಒಂದು ಕಂಪನಿ ಮಾಡಿದರೇನು? ಮಾಡುವುದಾದರೆ ಒಳ್ಳೆಯ, ದುಬಾರಿಯ, ವಿದ್ಯುತ್ತಿನಲ್ಲೂ ಪೆಟ್ರೋಲಿನಲ್ಲೂ ಓಡುವ ಕಾರನ್ನೇ ಏಕೆ ಮಾಡಬಾರದು? ಮನೆಯಲ್ಲಿ ಅಪ್ಪ, "ಅದೆಲ್ಲ ನಮ್ಮಿಂದ ಆಗ್ತದಾ ಮಾರಾಯ?" ಎನ್ನುತ್ತಾರೆ. ಇಬ್ಬರ ಪ್ರಶ್ನೆಯೂ ನ್ಯಾಯವಾದದ್ದೇ. ಮಗನಿಗೆ ಅದು ಜೀವನದ ದಾರಿ, ಅಪ್ಪನಿಗೆ ಅಡಿಕೆ ತೋಟದ ದಾಖಲೆಪತ್ರಗಳನ್ನು ಬ್ಯಾಂಕಿಗೆ ಕೊಂಡೊಯ್ಯಬೇಕೇ ಬೇಡವೇ ಎಂಬ ಮಾತು. ಇಬ್ಬರನ್ನೂ ಮನಸ್ಸಿನಲ್ಲಿಟ್ಟುಕೊಂಡೇ ಈ ಭಾಷಣವನ್ನು ಸಿದ್ಧಪಡಿಸಿದ್ದೇನೆ.

ಮೊದಲು ಈ ಪ್ಲಗ್-ಇನ್ ಹೈಬ್ರಿಡ್ ಎಂದರೇನು ಎಂಬುದನ್ನು ನೋಡೋಣ. ಮನೆಯ ಪ್ಲಗ್ಗಿನಿಂದ ಚಾರ್ಜ್ ಮಾಡಿಕೊಳ್ಳಬಹುದಾದ ದೊಡ್ಡ ಬ್ಯಾಟರಿ ಒಂದು, ಪೆಟ್ರೋಲ್ ಇಂಜಿನ್ ಇನ್ನೊಂದು, ಎರಡೂ ಒಂದೇ ಕಾರಿನಲ್ಲಿರುತ್ತವೆ. ಹತ್ತಿರದ ಓಡಾಟವೆಲ್ಲ ಬ್ಯಾಟರಿಯಲ್ಲಿ, ದೂರದ ಪ್ರಯಾಣಕ್ಕೆ ಪೆಟ್ರೋಲ್. ಇದರಲ್ಲೂ ಒಂದು ಬಗೆಯ ಕಾರಿನಲ್ಲಿ ಇಂಜಿನ್ ಚಕ್ರವನ್ನು ತಿರುಗಿಸುವುದೇ ಇಲ್ಲ. ಯಕ್ಷಗಾನ ಬಯಲಾಟದ ರಂಗಸ್ಥಳದ ಹಿಂದೆ, ಗದ್ದೆಯ ಮೂಲೆಯಲ್ಲಿ, ರಾತ್ರಿಯಿಡೀ ಸದ್ದು ಮಾಡುವ ಜನರೇಟರನ್ನು ನೀವು ನೋಡಿದ್ದೀರಿ. ಅದು ಕುಣಿಯುವುದಿಲ್ಲ, ಕುಣಿಯುವವರಿಗೆ ಬೆಳಕು ಕೊಡುತ್ತದೆ. ಇಲ್ಲಿಯೂ ಹಾಗೆಯೇ. ಇಂಜಿನ್ ವಿದ್ಯುತ್ತನ್ನು ತಯಾರಿಸುತ್ತದೆ, ಚಕ್ರ ತಿರುಗಿಸುವುದು ಮೋಟಾರು.

ನಮ್ಮ ಈ ಮೂರು ತಾಲೂಕುಗಳಿಗೆ ಇಂಥ ಕಾರು ಕಾಗದದ ಮೇಲೆ ಹೇಳಿ ಮಾಡಿಸಿದಂತಿದೆ. ಮಂಗಳೂರಿನಿಂದ ಬಿ.ಸಿ. ರೋಡಿಗೆ ಸುಮಾರು 25 ಕಿಲೋಮೀಟರು. ಬಿ.ಸಿ. ರೋಡಿನಿಂದ ಬೆಳ್ತಂಗಡಿಗೆ ಸುಮಾರು 35, ಮಂಗಳೂರಿನಿಂದ ಮೂಡುಬಿದಿರೆಗೂ ಅಷ್ಟೇ. ದಿನದ ವ್ಯವಹಾರವೆಲ್ಲ ಈ ಅಂತರದೊಳಗೇ ಮುಗಿಯುತ್ತದೆ. ಬೆಂಗಳೂರಿಗೆ ಹೋಗಬೇಕಾದಾಗ ಮಾತ್ರ ಘಟ್ಟ ಹತ್ತಬೇಕು. ಮೇಲಾಗಿ ನಮ್ಮಲ್ಲಿ ಮನೆಗಳು ಒತ್ತೊತ್ತಾಗಿಲ್ಲ, ತೋಟಕ್ಕೊಂದು ಮನೆ, ಮನೆಗೊಂದು ಅಂಗಳ. ಬೆಂಗಳೂರಿನ ಮೂರನೆಯ ಮಹಡಿಯ ಬಾಡಿಗೆದಾರನಿಗೆ ಇಲ್ಲದ ಸೌಕರ್ಯ ಇದು: ಕಾರು ನಿಲ್ಲುವಲ್ಲಿಯೇ ಪ್ಲಗ್ ಹಾಕಬಹುದು.

ಆದರೆ ಪ್ಲಗ್ಗಿನಲ್ಲಿ ವಿದ್ಯುತ್ ಇರಬೇಕಲ್ಲ! 20 ಯೂನಿಟ್ಟಿನ ಬ್ಯಾಟರಿಯನ್ನು ಮನೆಯ 16 ಆಂಪಿಯರಿನ ಸಾಕೆಟ್ಟಿನಿಂದ ತುಂಬಲು ಆರೇಳು ಗಂಟೆ ಬೇಕು. ಆ ಹೊತ್ತಿನಲ್ಲಿ ಅದು ಎಳೆಯುವ ಶಕ್ತಿ ಮೂರರಿಂದ ಮೂರೂವರೆ ಕಿಲೋವ್ಯಾಟ್. ಐದು ಅಶ್ವಶಕ್ತಿಯ ಪಂಪ್‌ಸೆಟ್ಟಿನದೂ ಹೆಚ್ಚುಕಡಿಮೆ ಇಷ್ಟೇ. ಅಂದರೆ ಕಾರನ್ನು ಚಾರ್ಜಿಗೆ ಇಡುವುದು, ರಾತ್ರಿಯೆಲ್ಲ ಇನ್ನೊಂದು ಪಂಪು ಓಡಿಸಿದಂತೆ. ಅದೂ ಮೂರು ಫೇಸಿನಲ್ಲಿ ಅಲ್ಲ, ಒಂದೇ ಫೇಸಿನಲ್ಲಿ. ಮಾರ್ಚ್-ಏಪ್ರಿಲಿನಲ್ಲಿ ತೋಟಗಳಿಗೆಲ್ಲ ನೀರು ಬಿಡುವಾಗ ಲೈನಿನ ಕೊನೆಯ ಮನೆಗಳಲ್ಲಿ ಫ್ಯಾನು ಎಷ್ಟು ನಿಧಾನ ತಿರುಗುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಅಮೆರಿಕದಲ್ಲೋ ಯುರೋಪಿನಲ್ಲೋ ರೂಪಿಸಿದ ಚಾರ್ಜರಿಗೆ ಈ ಫ್ಯಾನಿನ ಪರಿಚಯವಿಲ್ಲ. ಇಲ್ಲಿ ಓಡಬೇಕಾದ ಕಾರಿನ ಚಾರ್ಜರನ್ನು ಇಲ್ಲಿಯ ವೋಲ್ಟೇಜಿಗೇ ರೂಪಿಸಬೇಕು.

ಇರಲಿ, ಇದು ಬಗೆಹರಿಯದ ತೊಡಕೇನಲ್ಲ. ನಿಜವಾದ ತೊಡಕು ಬೇರೆ ಕಡೆ ಇದೆ. ಅದನ್ನು ತಿಳಿಯಲು ನಾವು ಸ್ವಲ್ಪ ಹೊತ್ತು ಈ ಊರುಗಳನ್ನು ಬಿಟ್ಟು ಅಮೆರಿಕಕ್ಕೆ ಹೋಗಬೇಕು. ಹೊಸ ಕಂಪನಿಯೊಂದು ದುಬಾರಿ ಪ್ಲಗ್-ಇನ್ ಹೈಬ್ರಿಡ್ ಕಾರನ್ನು ಮಾರುಕಟ್ಟೆಗೆ ತಂದ ಪ್ರಸಿದ್ಧ ಪ್ರಯೋಗ ನಡೆದದ್ದು ಅಲ್ಲಿ.

ಹೆನ್ರಿಕ್ ಫಿಸ್ಕರ್ ಡೆನ್ಮಾರ್ಕಿನವರು. ಬಿಎಂಡಬ್ಲ್ಯು, ಆಸ್ಟನ್ ಮಾರ್ಟಿನ್ ಕಂಪನಿಗಳಿಗೆ ಸೊಗಸಾದ ಕಾರುಗಳ ವಿನ್ಯಾಸ ಮಾಡಿದ ಕಲಾವಿದ. 2007ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತಮ್ಮದೇ ಕಂಪನಿಯನ್ನು ತೆರೆದರು. 2008ರ ಜನವರಿಯಲ್ಲಿ ಡೆಟ್ರಾಯಿಟ್ ಪ್ರದರ್ಶನದಲ್ಲಿ ತೋರಿಸಿದ ಕಾರಿಗೆ ಅವರು ಇಟ್ಟ ಹೆಸರು 'ಕರ್ಮ'! ನಮ್ಮ ಪದವನ್ನೇ ಆರಿಸಿಕೊಂಡರು, ಆಮೇಲೆ ನಡೆದದ್ದನ್ನು ಕೇಳಿದವರು ಬೇರೆ ಪದ ಸಿಗಲಿಲ್ಲವೇ ಎಂದುಕೊಂಡರೆ ಆಶ್ಚರ್ಯವಿಲ್ಲ.

ಅವರು ದುಬಾರಿ ಕಾರಿನಿಂದಲೇ ಏಕೆ ಶುರುಮಾಡಿದರು? ಇದರಲ್ಲಿ ಒಂದು ಲೆಕ್ಕಾಚಾರವಿದೆ. ಕಾರಿನ ಬಾಗಿಲನ್ನು ಒತ್ತುವ ಅಚ್ಚಿಗೆ ಒಂದು ಕೋಟಿ ರೂಪಾಯಿ ಎಂದಿಟ್ಟುಕೊಳ್ಳಿ. ಲಕ್ಷ ಕಾರು ಮಾಡುವವನಿಗೆ ಕಾರೊಂದಕ್ಕೆ ನೂರು ರೂಪಾಯಿ ಬಿತ್ತು. ಸಾವಿರ ಕಾರು ಮಾಡುವವನಿಗೆ ಹತ್ತು ಸಾವಿರ ರೂಪಾಯಿ. ಇಂಥ ನೂರಾರು ಅಚ್ಚುಗಳು ಬೇಕು. ಹೊಸ ಕಂಪನಿ ಮೊದಲ ವರ್ಷವೇ ಲಕ್ಷ ಕಾರು ಮಾಡಲಾರದು. ಹಾಗಾಗಿ ಬೆಲೆಯನ್ನು ಏರಿಸಿ, ಸಿರಿವಂತರಿಗೆ ಮಾರಿ, ಬಂದ ಹಣದಲ್ಲಿ ಅಗ್ಗದ ಕಾರನ್ನು ಮಾಡೋಣ ಎಂಬುದು ಯೋಚನೆ. ಯೋಚನೆ ತಪ್ಪಲ್ಲ. ಆದರೆ ಇದೇ ಲೆಕ್ಕದಲ್ಲಿ ಪ್ಲಗ್-ಇನ್ ಹೈಬ್ರಿಡ್ ಎಂಬ ಆಯ್ಕೆ ಒಂದು ಭಾರವನ್ನು ಸೇರಿಸುತ್ತದೆ. ಬರೀ ವಿದ್ಯುತ್ ಕಾರಿಗೆ ಇಂಜಿನ್, ಪೆಟ್ರೋಲ್ ಟ್ಯಾಂಕು, ಹೊಗೆಕೊಳವೆ ಬೇಡ. ಬರೀ ಪೆಟ್ರೋಲ್ ಕಾರಿಗೆ ದೊಡ್ಡ ಬ್ಯಾಟರಿ, ಚಾರ್ಜರು ಬೇಡ. ಇದಕ್ಕೆ ಎರಡೂ ಬೇಕು, ಎರಡನ್ನೂ ತಂಪಾಗಿಡುವ ನೀರಿನ ವ್ಯವಸ್ಥೆ ಬೇಕು, ಎರಡರ ನಡುವೆ ಪಂಚಾಯಿತಿ ಮಾಡುವ ಕಂಪ್ಯೂಟರು ಬೇಕು. ಹೊಸ ಕಂಪನಿ ಒಂದು ಕಾರು ಮಾಡಲು ಹೊರಟು ಎರಡು ಕಾರುಗಳ ಕೆಲಸವನ್ನು ಮೈಮೇಲೆ ಹಾಕಿಕೊಂಡಂತಾಯಿತು.

ಕರ್ಮ ಕಾರಿನ ತೂಕ ಸುಮಾರು 2,400 ಕಿಲೋಗ್ರಾಂ. ಬ್ಯಾಟರಿ 20 ಯೂನಿಟ್ಟಿನದು. ಅಮೆರಿಕ ಸರಕಾರದ ಪರೀಕ್ಷೆಯಲ್ಲಿ ಅದು ಬರೀ ವಿದ್ಯುತ್ತಿನಲ್ಲಿ ಓಡಿದ್ದು 32 ಮೈಲಿ, ಅಂದರೆ ಸುಮಾರು 51 ಕಿಲೋಮೀಟರು. ಬಿ.ಸಿ. ರೋಡಿನಿಂದ ಬೆಳ್ತಂಗಡಿಗೆ ಹೋಗಿ ಅರ್ಧ ದಾರಿ ಹಿಂದೆ ಬಂದಂತೆ! ಆಮೇಲೆ ಇಂಜಿನ್ ಶುರುವಾದರೆ ಲೀಟರಿಗೆ ಎಂಟೂವರೆ ಕಿಲೋಮೀಟರು. 80,000 ಡಾಲರೆಂದು ಹೇಳಿದ್ದ ಬೆಲೆ 2011ರಲ್ಲಿ ಕಾರು ಗಿರಾಕಿಗಳ ಕೈ ಸೇರುವ ಹೊತ್ತಿಗೆ ಲಕ್ಷ ಡಾಲರನ್ನು ದಾಟಿತ್ತು. 2010ರ ಡಿಸೆಂಬರಿನಲ್ಲೇ ಜನರಲ್ ಮೋಟರ್ಸಿನ ಷೆವರ್ಲೆ ವೋಲ್ಟ್ ಬಂದಿತ್ತು. ಅದೂ ಪ್ಲಗ್-ಇನ್ ಕಾರೇ, ಬೆಲೆ ಸುಮಾರು 40,000 ಡಾಲರು, ವಿದ್ಯುತ್ತಿನಲ್ಲಿ 35 ಮೈಲಿ. ಇಂಧನ ಉಳಿಸುವ ವಾದ ಅಲ್ಲಿಗೇ ಮುಗಿಯಿತು. ಕರ್ಮದ ಬಳಿ ಉಳಿದದ್ದು ಅಂದ ಒಂದೇ. ಅಂದವಾಗಿತ್ತು, ಅದರಲ್ಲಿ ಎರಡು ಮಾತಿಲ್ಲ.

ಕಂಪನಿಗೆ ಸ್ವಂತ ಕಾರ್ಖಾನೆ ಇರಲಿಲ್ಲ. ಕಾರುಗಳನ್ನು ಫಿನ್ಲೆಂಡಿನ ವಾಲ್ಮೆಟ್ ಕಂಪನಿ ಜೋಡಿಸುತ್ತಿತ್ತು. ಇಂಜಿನ್ ಜನರಲ್ ಮೋಟರ್ಸಿನದು, ಬ್ಯಾಟರಿ ಎ-123 ಸಿಸ್ಟಮ್ಸ್ ಎಂಬ ಒಂದೇ ಕಂಪನಿಯದು. ಹಣವೂ ಇತರರದೇ. ಖಾಸಗಿ ಹೂಡಿಕೆದಾರರು ನೂರು ಕೋಟಿ ಡಾಲರಿಗೂ ಮೀರಿ ಕೊಟ್ಟರು. ಅಮೆರಿಕದ ಇಂಧನ ಇಲಾಖೆ 52.9 ಕೋಟಿ ಡಾಲರ್ ಸಾಲ ಮಂಜೂರು ಮಾಡಿತು, ಆದರೆ ಇಂತಿಷ್ಟು ಕೆಲಸ ಇಂತಿಷ್ಟು ದಿನದೊಳಗೆ ಆಗಬೇಕೆಂಬ ಕರಾರಿನ ಮೇಲೆ. ಗಡುವು ತಪ್ಪಿತು. 19.2 ಕೋಟಿ ಕೊಟ್ಟ ಬಳಿಕ 2011ರಲ್ಲಿ ಸರಕಾರ ಕೈ ಹಿಂದೆಗೆಯಿತು. ಹಣ ಬೇಕಾದದ್ದು ಕಾರು ಬೀದಿಗೆ ಬಂದ ಮೇಲೆ, ತಪ್ಪುಗಳನ್ನು ತಿದ್ದುವುದಕ್ಕೆ. ಹಣ ನಿಂತದ್ದು ಅದೇ ಹೊತ್ತಿನಲ್ಲಿ.

2011ರ ಡಿಸೆಂಬರಿನಲ್ಲಿ 239 ಕಾರುಗಳನ್ನು ಹಿಂದಕ್ಕೆ ಕರೆಸಬೇಕಾಯಿತು. ಕಾರಣ ತೀರಾ ಸಣ್ಣದು. ಬ್ಯಾಟರಿಯನ್ನು ತಂಪಾಗಿಡುವ ದ್ರವದ ಕೊಳವೆಗೆ ಹಾಕಿದ ಬಿಗಿಪಟ್ಟಿ ಸರಿಯಾಗಿ ಕೂತಿರಲಿಲ್ಲ. ಮೋಟಾರು ಸೈಕಲ್ ಗ್ಯಾರೇಜಿನಲ್ಲೂ ಸಿಗುವಂಥ ವಸ್ತು ಅದು! 2012ರ ಮಾರ್ಚಿನಲ್ಲಿ 'ಕನ್ಸ್ಯೂಮರ್ ರಿಪೋರ್ಟ್ಸ್' ಎಂಬ ಬಳಕೆದಾರರ ಪತ್ರಿಕೆ ಒಂದು ಕಾರನ್ನು ಪೂರ್ತಿ ಬೆಲೆ ಕೊಟ್ಟು ಕೊಂಡುಕೊಂಡಿತು. 200 ಮೈಲಿ ಓಡುವ ಮೊದಲೇ, ಪರೀಕ್ಷೆ ಶುರುವಾಗುವುದಕ್ಕೂ ಮುಂಚೆ, ಕಾರು ನಿಂತಲ್ಲಿಯೇ ನಿಂತಿತು. ಅದೇ ತಿಂಗಳು ಎ-123 ಕಂಪನಿ ತನ್ನ ಬ್ಯಾಟರಿ ಕೋಶಗಳಲ್ಲಿ ದೋಷವಿದೆಯೆಂದು ಒಪ್ಪಿಕೊಂಡಿತು. ಕಾರ್ಖಾನೆಯ ಒಂದು ವೆಲ್ಡಿಂಗ್ ಯಂತ್ರದ ಹೊಂದಾಣಿಕೆ ತಪ್ಪಿತ್ತು, ಅಷ್ಟೇ. ಬದಲಿಸಿಕೊಡುವ ಖರ್ಚು ಐದೂವರೆ ಕೋಟಿ ಡಾಲರು. ಅಕ್ಟೋಬರಿನಲ್ಲಿ ಬ್ಯಾಟರಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಬ್ಯಾಟರಿ ಇಲ್ಲದೆ ಕಾರು ಹೇಗೆ ತಯಾರಾದೀತು?

ಅದೇ ಅಕ್ಟೋಬರಿನ ಕೊನೆಯಲ್ಲಿ ಸ್ಯಾಂಡಿ ಚಂಡಮಾರುತ. ನ್ಯೂಜೆರ್ಸಿಯ ಬಂದರಿನಲ್ಲಿ ನಿಲ್ಲಿಸಿದ್ದ ಮುನ್ನೂರಕ್ಕೂ ಹೆಚ್ಚು ಕರ್ಮ ಕಾರುಗಳು ಸಮುದ್ರದ ನೀರಿನಲ್ಲಿ ಮುಳುಗಿದವು, 16 ಕಾರುಗಳು ಹೊತ್ತಿ ಉರಿದವು. ನೀರಿನಲ್ಲಿ ಮುಳುಗಿದ್ದಕ್ಕೆ ಬೆಂಕಿ ಹೇಗೆ ಎಂದು ಕೇಳಬಹುದು. ಉಪ್ಪುನೀರು ವಿದ್ಯುತ್ ವಾಹಕ. ನೀರು ಇಳಿದ ಮೇಲೆ ಒಳಗೆ ಉಳಿದ ಉಪ್ಪು ಒಂದು ಕಾರಿನ ನಿಯಂತ್ರಣ ಪೆಟ್ಟಿಗೆಯಲ್ಲಿ ಶಾರ್ಟ್ ಸರ್ಕ್ಯೂಟ್ ಮಾಡಿತು, ಗಾಳಿ ಬೆಂಕಿಯನ್ನು ಉಳಿದವುಗಳಿಗೆ ದಾಟಿಸಿತು ಎಂಬುದು ಕಂಪನಿ ಕೊಟ್ಟ ವಿವರಣೆ. 1923ರ, 1974ರ ನೇತ್ರಾವತಿಯ ನೆರೆಯ ಕಥೆಗಳನ್ನು ಕೇಳಿ ಬೆಳೆದ ಬಂಟ್ವಾಳದವರಿಗೆ ದಾಸ್ತಾನನ್ನು ತಗ್ಗಿನಲ್ಲಿ ಇಡಬಾರದೆಂದು ಯಾರೂ ಕಲಿಸಬೇಕಾಗಿಲ್ಲ. ಆದರೆ ಮಾರಾಟವಾಗದ ಮುನ್ನೂರು ಕಾರು ಒಂದೇ ಕಡೆ ನಿಂತಿರುವ ಪರಿಸ್ಥಿತಿ ಬಂದಾಗ ಎತ್ತರದ ಜಾಗ ಹುಡುಕಲು ಕಂಪನಿಗೆ ವ್ಯವಧಾನವೆಲ್ಲಿ?

ಸುಮಾರು 2,450 ಕಾರು ಮಾಡಿದ ಕಂಪನಿ 2013ರ ನವೆಂಬರಿನಲ್ಲಿ ದಿವಾಳಿಯಾಯಿತು. ಅಮೆರಿಕದ ಬೊಕ್ಕಸಕ್ಕೆ 13.9 ಕೋಟಿ ಡಾಲರ್ ನಷ್ಟ. ಚೀನಾದ ವಾನ್‌ಷಿಯಾಂಗ್ ಸಂಸ್ಥೆ ಮೊದಲು ಬ್ಯಾಟರಿ ಕಂಪನಿಯನ್ನೂ 2014ರಲ್ಲಿ ಕಾರು ಕಂಪನಿಯನ್ನೂ ಹರಾಜಿನಲ್ಲಿ ಕೊಂಡಿತು. ಫಿಸ್ಕರ್ ಅವರು 2016ರಲ್ಲಿ ಮತ್ತೊಂದು ಕಂಪನಿ ಕಟ್ಟಿ, ಈ ಸಲ ಇಂಜಿನ್ ಇಲ್ಲದ ವಿದ್ಯುತ್ ಕಾರನ್ನು ಮಾಡಿದರು. ಅದೂ 2024ರ ಜೂನಿನಲ್ಲಿ ದಿವಾಳಿ ಅರ್ಜಿ ಹಾಕಿತು.

ಈಗ ನಮ್ಮ ರಾಜ್ಯಕ್ಕೆ ಮರಳೋಣ. ಇಲ್ಲಿ ಹೊಸ ಕಾರು ಕಂಪನಿಯೇ ಹುಟ್ಟಿಲ್ಲವೆಂದಲ್ಲ. ಬೆಂಗಳೂರಿನ ರೇವಾ ಕಾರು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಚೇತನ್ ಮೈನಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಸೌರಶಕ್ತಿಯ ಕಾರು ಕಟ್ಟಿದ ತಂಡದಲ್ಲಿದ್ದವರು. ಅಂದರೆ ಅವರೂ ಕಾಲೇಜು ಪ್ರಾಜೆಕ್ಟಿನಿಂದಲೇ ಹೊರಟವರು. 1994ರಲ್ಲಿ ಮೈನಿ ಸಮೂಹವೂ ಕ್ಯಾಲಿಫೋರ್ನಿಯಾದ ಅಮೆರಿಗಾನ್ ಕಂಪನಿಯೂ ಸೇರಿ ರೇವಾ ಸಂಸ್ಥೆಯನ್ನು ಕಟ್ಟಿದವು. ಕಾರು ಮಾರುಕಟ್ಟೆಗೆ ಬಂದದ್ದು 2001ರಲ್ಲಿ. ಈ ಏಳು ವರ್ಷಗಳನ್ನು ಗಮನಿಸಿ. ಆ ಏಳು ವರ್ಷ ಮನೆ ನಡೆಸುವವರು ಯಾರು? ರೇವಾದ ಬೆನ್ನಿಗೆ ನಿಖರ ಬಿಡಿಭಾಗಗಳನ್ನು ಮಾಡುತ್ತಿದ್ದ, ನಡೆಯುತ್ತಿದ್ದ ಒಂದು ಉದ್ಯಮವಿತ್ತು. ಸಾಲದ ತೋಟ ಅಷ್ಟು ದಿನ ಕಾಯುವುದಿಲ್ಲ.

ರೇವಾದ ಜಾಣತನವೆಂದರೆ ಅದು ತನಗೆ ಬೇಡವಾದದ್ದನ್ನೆಲ್ಲ ಬಿಟ್ಟಿತು. ಇಂಜಿನ್ ಬಿಟ್ಟಿತು. ತಗಡು ಒತ್ತುವ ದೊಡ್ಡ ಪ್ರೆಸ್ಸುಗಳನ್ನು ಬಿಟ್ಟಿತು: ಉಕ್ಕಿನ ಕೊಳವೆಗಳ ಚೌಕಟ್ಟಿನ ಮೇಲೆ ಬಣ್ಣದ ಪ್ಲಾಸ್ಟಿಕ್ ಹೊದಿಕೆ, ಹಾಗಾಗಿ ಬಣ್ಣದ ಕೊಠಡಿಯ ದೊಡ್ಡ ಖರ್ಚೂ ಇಲ್ಲ. ಆರು ವೋಲ್ಟಿನ ಎಂಟು ಸೀಸದ ಬ್ಯಾಟರಿ, ಮನೆಯ ಸಾಕೆಟ್ಟಿನಿಂದ ಚಾರ್ಜು, ಒಂದು ಚಾರ್ಜಿಗೆ ಸುಮಾರು 80 ಕಿಲೋಮೀಟರು. ನೋಡಲು ಆಟಿಕೆಯಂತಿತ್ತು, ಜನ ನಕ್ಕರು. ಆದರೆ 2004ರಿಂದ ಲಂಡನ್ನಿನಲ್ಲಿ 'ಜಿ-ವಿಝ್' ಎಂಬ ಹೆಸರಿನಲ್ಲಿ ಅದು ಮಾರಾಟವಾಯಿತು, ಏಕೆಂದರೆ ಅಲ್ಲಿ ನಗರದ ಒಳಗೆ ಕಾರು ತರಲು ಕೊಡಬೇಕಾದ ದಿನದ ಸುಂಕದಿಂದ ವಿದ್ಯುತ್ ವಾಹನಕ್ಕೆ ವಿನಾಯಿತಿ ಇತ್ತು. ಕೊಳ್ಳುವವನ ಜೇಬಿನಲ್ಲಿ ಪ್ರತಿದಿನ ಲೆಕ್ಕಕ್ಕೆ ಸಿಗುವ ಒಂದು ಲಾಭ! ತೊಡಕುಗಳು ಬರದೆ ಇರಲಿಲ್ಲ. 2007ರಲ್ಲಿ ಬ್ರಿಟನ್ನಿನಲ್ಲಿ ಅದರ ಸುರಕ್ಷತೆಯ ಬಗ್ಗೆ ಕಟು ಟೀಕೆ ಬಂತು. ಒಟ್ಟಾರೆ ಮಾರಾಟವಾದದ್ದು ನಾಲ್ಕು ಸಾವಿರದ ಆಸುಪಾಸು. 2010ರಲ್ಲಿ ಮಹೀಂದ್ರ ಕಂಪನಿ ಹೆಚ್ಚಿನ ಪಾಲನ್ನು ಕೊಂಡಿತು, 2013ರಲ್ಲಿ ಮಹೀಂದ್ರ ರೇವಾ ಇ2ಓ ಬಂತು. ಸಿರಿವಂತರ ಕಾರಲ್ಲದ ರೇವಾ ಹದಿನಾರು ವರ್ಷ ಸ್ವಂತ ಕಾಲಿನ ಮೇಲೆ ನಿಂತಿತು. ಸಿರಿವಂತರ ಕಾರು ಕರ್ಮ ಆರೇ ವರ್ಷ.

ನನ್ನ ಅಭಿಪ್ರಾಯ ಇದು. ದುಬಾರಿ ಕಾರಿನ ಗಿರಾಕಿ ಹೊಸ ಕಂಪನಿಗೆ ಒಳ್ಳೆಯ ಮೊದಲ ಗಿರಾಕಿ ಎಂಬ ಮಾತು ಅರ್ಧ ಸತ್ಯ. ಹಣ ಕೊಡುತ್ತಾನೆ, ನಿಜ. ಆದರೆ ಅವನ ಕೊಟ್ಟಿಗೆಯಲ್ಲಿ ಆಗಲೇ ಜರ್ಮನಿಯ ಕಾರೊಂದಿದೆ. ಹೊಸ ಕಾರಿನ ಬಾಗಿಲು ಅದರಷ್ಟೇ ಮೆತ್ತಗೆ ಮುಚ್ಚಬೇಕು, ಮಳೆಗಾಲದಲ್ಲಿ ಒಂದು ಹನಿಯೂ ಒಳಗೆ ಬರಬಾರದು, ನೂರನೆಯ ಕಾರೂ ಸಾವಿರದ ಕಾರೂ ಒಂದೇ ಸಮ ಇರಬೇಕು. ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ಹೋದವರು ಒಂದು ಕಂಬದಂತೆ ಇನ್ನೊಂದಿಲ್ಲವೆಂದು ಬೆರಗಾಗುತ್ತಾರೆ. ಶಿಲ್ಪಿಗೆ ಅದು ಹೆಮ್ಮೆ. ಕಾರಿನ ಕಾರ್ಖಾನೆಯಲ್ಲಿ ಅದೇ ದೋಷ. ಪ್ರಾಜೆಕ್ಟಿನ ಬಂಡಿ ಒಂದು ಶಿಲ್ಪ, ಅದನ್ನು ಒಂದೇ ಸಮನೆ ಸಾವಿರ ಸಲ ಮಾಡುವುದು ಬೇರೆಯೇ ವಿದ್ಯೆ. ಕರ್ಮವನ್ನು ಮುಳುಗಿಸಿದ ಬಿಗಿಪಟ್ಟಿ, ವೆಲ್ಡಿಂಗ್ ಯಂತ್ರ, ಎರಡೂ ಈ ಎರಡನೆಯ ವಿದ್ಯೆಗೆ ಸೇರಿದವು.

ಇನ್ನು ನಮ್ಮ ದೇಶದ ತೆರಿಗೆಯ ಮಾತು. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿ.ಎಸ್.ಟಿ. ದರದಲ್ಲಿ ವಿದ್ಯುತ್ ಕಾರಿಗೆ ಶೇಕಡಾ 5. ದೊಡ್ಡ ಹೈಬ್ರಿಡ್ ಕಾರಿಗೆ, ಪ್ಲಗ್ ಇರಲಿ ಇಲ್ಲದಿರಲಿ, ಶೇಕಡಾ 40. ಐವತ್ತು ಲಕ್ಷದ ಕಾರು ಒಂದು ಕಡೆ ಐವತ್ತೆರಡೂವರೆ ಲಕ್ಷಕ್ಕೆ, ಇನ್ನೊಂದು ಕಡೆ ಎಪ್ಪತ್ತು ಲಕ್ಷಕ್ಕೆ! ದೊಡ್ಡ ಕಂಪನಿಗಳೂ ಇಲ್ಲಿ ತಡವರಿಸಿವೆ. ಬಿಎಂಡಬ್ಲ್ಯು ಕಂಪನಿಯ ಐ8 2015ರಲ್ಲಿ 2.29 ಕೋಟಿ ರೂಪಾಯಿಗೆ ಭಾರತಕ್ಕೆ ಬಂತು, 2020ರಲ್ಲಿ ಅದರ ತಯಾರಿಕೆಯೇ ನಿಂತಿತು. ಹೊಸಕೋಟೆಯ ಬಳಿ ಕಾರು ಜೋಡಿಸುವ ವೋಲ್ವೊ ಕಂಪನಿ ತನ್ನ ಪ್ಲಗ್-ಇನ್ ಎಕ್ಸ್‌ಸಿ 90ಯನ್ನು ಇಲ್ಲೇ ಜೋಡಿಸುವುದಾಗಿ 2018ರಲ್ಲಿ ಹೇಳಿತ್ತು. 2022ರ ಹೊತ್ತಿಗೆ ಅಲ್ಲಿ ಜೋಡಿಸಲು ಆರಂಭಿಸಿದ್ದು ಪೂರ್ತಿ ವಿದ್ಯುತ್ತಿನ ಕಾರನ್ನು. ಅವರಿಗೆ ಬೇರೆ ಹತ್ತು ಕಾರುಗಳಿವೆ, ಒಂದು ಸೋತರೆ ಇನ್ನೊಂದು ಸಾಕುತ್ತದೆ. ಹೊಸ ಕಂಪನಿಗೆ ಇರುವುದು ಒಂದೇ.

ಹಾಗಾದರೆ ಮಿಜಾರಿನ, ಉಜಿರೆಯ, ಬೆಂಜನಪದವಿನ ಮಕ್ಕಳು ಏನು ಮಾಡಬೇಕು? ಮಂಗಳೂರಿನ ವಿ.ಎಸ್. ಕುಡ್ವರ ಹೆಸರನ್ನು ಹಿರಿಯರು ಕೇಳಿರುತ್ತೀರಿ. ಸಿ.ಪಿ.ಸಿ. ಬಸ್ಸುಗಳನ್ನು ಓಡಿಸಿದವರು, ಸಿಂಡಿಕೇಟ್ ಬ್ಯಾಂಕಿನ ಸ್ಥಾಪಕರಲ್ಲಿ ಒಬ್ಬರು. ಅವರು ಬಸ್ಸನ್ನೇ ತಯಾರಿಸಲು ಹೋಗಲಿಲ್ಲ. ಕೆನರಾ ವರ್ಕ್‌ಶಾಪ್ಸ್ ಕಟ್ಟಿ ವಾಹನಗಳ ಸ್ಪ್ರಿಂಗ್ ಪಟ್ಟಿಗಳನ್ನು ತಯಾರಿಸಿದರು. ಇಂದಿನ ಸ್ಪ್ರಿಂಗ್ ಪಟ್ಟಿ ಯಾವುದು? 170 ವೋಲ್ಟಿನಲ್ಲೂ ಕೆಡದೆ, ಪಂಪು ನಿಂತ ಕೂಡಲೇ ತಾನಾಗಿ ಶುರುವಾಗುವ ಚಾರ್ಜರು. ಜೂನ್-ಜುಲೈ ಮಳೆಯಲ್ಲಿ ನೀರು ಕುಡಿಯದ ಬ್ಯಾಟರಿ ಪೆಟ್ಟಿಗೆ. ಬೆಳ್ತಂಗಡಿಯ ಗ್ಯಾರೇಜಿನವರು ಮಂಗಳೂರಿಗೆ ಕಳಿಸದೆ ತಾವೇ ದೋಷ ಗುರುತಿಸಬಲ್ಲ ಒಂದು ಸಣ್ಣ ಉಪಕರಣ. ಇವುಗಳಿಗೆ ಬಂಡವಾಳ ಕೋಟಿಗಟ್ಟಲೆ ಬೇಡ, ಗಿರಾಕಿ ಒಬ್ಬನಲ್ಲ, ಪರೀಕ್ಷಿಸುವ ಜಾಗ ಮನೆಯ ಅಂಗಳ.

ಕಾರನ್ನೇ ಮಾಡಬೇಕೆಂಬ ಹಟವಿದ್ದವರಿಗೆ ಪರೀಕ್ಷೆಯ ದಾರಿಯೂ ಹತ್ತಿರದಲ್ಲಿದೆ: ಚಾರ್ಮಾಡಿ ಘಾಟಿ. 2,400 ಕಿಲೋಗ್ರಾಂ ತೂಕದ ಕಾರು 700 ಮೀಟರ್ ಎತ್ತರವನ್ನು ಇಳಿಯಿತೆನ್ನಿ. ತೂಕ, ಗುರುತ್ವ, ಎತ್ತರ ಇವುಗಳನ್ನು ಗುಣಿಸಿದರೆ ಸುಮಾರು ನಾಲ್ಕೂವರೆ ಯೂನಿಟ್ ಶಕ್ತಿ. ಮೋಟಾರು ಇಳಿಜಾರಿನಲ್ಲಿ ಡೈನಮೋ ಆಗಿ ಇದರ ಅರ್ಧವನ್ನು ಬ್ಯಾಟರಿಗೆ ಮರಳಿಸಿದರೂ ಕೆಳಗೆ ಆರೇಳು ಕಿಲೋಮೀಟರು ಪುಕ್ಕಟೆ ಓಡಬಹುದು. ಆದರೆ ಕೊಟ್ಟಿಗೆಹಾರದಲ್ಲೇ ರಾತ್ರಿ ತಂಗಿ, ಬ್ಯಾಟರಿಯನ್ನು ಪೂರ್ತಿ ತುಂಬಿಸಿಕೊಂಡು ಬೆಳಗ್ಗೆ ಇಳಿಯಲು ಹೊರಟರೆ? ತುಂಬಿದ ಕೊಡಕ್ಕೆ ಮತ್ತೆ ನೀರು ಹಿಡಿಯಲಾಗದು. ಆ ನಾಲ್ಕೂವರೆ ಯೂನಿಟ್ ಎಲ್ಲಿಗೆ ಹೋಗಬೇಕು, ಬ್ರೇಕು ಕಾಯದ ಹಾಗೆ ಅದನ್ನು ಎಲ್ಲಿ ಕಳೆಯಬೇಕು? ಕಾರಿನಲ್ಲಿ ಪೆಟ್ರೋಲ್ ಇಂಜಿನ್ ಒಂದು ಇದೆ ಎಂಬುದನ್ನು ನೆನಪಿಟ್ಟುಕೊಂಡು ಯೋಚಿಸಿ, ಲೆಕ್ಕ ಸಮೇತ ಕಾರ್ಯಕ್ರಮದ ವಿಳಾಸಕ್ಕೆ ಬರೆದು ಕಳಿಸಿ.